ಮಿದುಳಿನ ಶಾಸ್ತ್ರವು ಯಾರ ಪಾಲಿನದು?

ಸಿಂಧನೂರಿಗೆ ಭತ್ತ, ಲಿಂಗಸುಗೂರಿಗೆ ಹಟ್ಟಿಯ ಚಿನ್ನ, ಮಸ್ಕಿಗೆ ಅಶೋಕನ ಶಾಸನ ಎಂದು ಈ ಮೂರು ತಾಲೂಕುಗಳ ಕೀರ್ತಿಯನ್ನು ಹಂಚಿಕೊಟ್ಟು ಸುಮ್ಮನಾಗುವದು ಸುಶಿಕ್ಷಿತರಲ್ಲಿ ಒಂದು ರೂಢಿಯಾಗಿ ಹೋಗಿದೆ. ಉಚ್ಚ ವಿದ್ಯೆಯ ಮಾತು ಬಂದಾಗ ಮಾತ್ರ ಈ ಊರುಗಳ ಹೆಸರು ಯಾರ ಬಾಯಿಯಲ್ಲಿಯೂ ಬರುವದಿಲ್ಲ. ಅದರಲ್ಲಿಯೂ ನರವಿಜ್ಞಾನವನ್ನು, ಎಂದರೆ ಮಿದುಳು, ಬೆನ್ನುಹುರಿ, ನರ ಇವುಗಳ ರಚನೆಯನ್ನೂ ವ್ಯಾಪಾರವನ್ನೂ ಅರಸುವ ಶಾಸ್ತ್ರವನ್ನು, ಯೂನಿವರ್ಸಿಟಿಯ ಮಟ್ಟದಲ್ಲಿ ಓದಬೇಕೆಂದು ಈ ಸೀಮೆಯ ಹುಡುಗನೊಬ್ಬನು ಇಲ್ಲವೆ ಹುಡುಗಿಯೊಬ್ಬಳು ಬಯಸಿದರೆ, ಮನೆಯ ಹಿರಿಯರಿಂದಲೂ ಊರಿನ ಬಲ್ಲವರಿಂದಲೂ ದೊರೆಯುವ ಉತ್ತರವು ಒಂದೇ ಬಗೆಯದು. ಅದು ಡಾಕ್ಟರರ ವಿದ್ಯೆ, ವೈದ್ಯಕೀಯದ ಸೀಟು ಸಿಕ್ಕದವರಿಗೆ ಅದರ ಬಾಗಿಲು ಮುಚ್ಚಿದೆ, ಎಂಬುದು ಮೊದಲನೆಯ ಮಾತು. ಅದು ಇಂಗ್ಲಿಷಿನಲ್ಲಿ ಬೆಳೆದ ಪಟ್ಟಣಿಗರ ವಿದ್ಯೆ ಎಂಬುದು ಎರಡನೆಯದು. ಬೆಲೆಬಾಳುವ ಯಂತ್ರಗಳಿಲ್ಲದೆ ಅದನ್ನು ಕಲಿಸಲಾಗದು ಎಂಬುದು ಮೂರನೆಯದು. ಅದರಿಂದ ಅನ್ನ ಹುಟ್ಟದು ಎಂಬುದು ನಾಲ್ಕನೆಯದು. ಈ ನಾಲ್ಕೂ ಹಿತೈಷಿಗಳ ಬಾಯಿಂದ ಬರುವ ಮಾತುಗಳು; ಆದುದರಿಂದಲೇ ಇವುಗಳಿಂದ ಆಗುವ ಕೇಡು ಹೆಚ್ಚು. ಒಂದೊಂದನ್ನೂ ಒರೆಗೆ ಹಚ್ಚಿ ನೋಡುವದು ಅವಶ್ಯವಾಗಿದೆ.

ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಮನುಷ್ಯನ ಮಿದುಳಿನ ತೂಕವು ಸುಮಾರು ಒಂದು ಕಿಲೋ ಮುನ್ನೂರರಿಂದ ನಾನೂರು ಗ್ರಾಮು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು 2009ರಲ್ಲಿ ಪ್ರಕಟವಾದ ಎಣಿಕೆಯು ತಿಳಿಸುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾಗಿರುವ ಈ ಅಂಗವು ದೇಹದ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲನ್ನು ವೆಚ್ಚಮಾಡುತ್ತದೆ. ಒಂದು ನರಕೋಶದೊಳಗೆ ಸುದ್ದಿಯು ವಿದ್ಯುತ್ತಿನ ಅಲೆಯಾಗಿ ಹರಿಯುತ್ತದೆ. ಒಂದು ಕೋಶದಿಂದ ಇನ್ನೊಂದಕ್ಕೆ ಅದು ಬಹುಮಟ್ಟಿಗೆ ರಾಸಾಯನಿಕ ದ್ರವ್ಯಗಳ ಮೂಲಕ ದಾಟುತ್ತದೆ. ಇದನ್ನು ತಿಳಿಯುವದಕ್ಕೆ ಭೌತಶಾಸ್ತ್ರವೂ ಬೇಕು, ರಸಾಯನವೂ ಬೇಕು, ಪ್ರಾಣಿಶಾಸ್ತ್ರವೂ ಗಣಿತವೂ ಮನಶ್ಶಾಸ್ತ್ರವೂ ಗಣಕವಿದ್ಯೆಯೂ ಬೇಕು. ನರದಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರದಲ್ಲಿ ಅಳೆದು, 1952ರಲ್ಲಿ ಗಣಿತದ ಸಮೀಕರಣಗಳಾಗಿ ಬರೆದುಕೊಟ್ಟ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇಬ್ಬರೂ ರೋಗಿಗಳ ನಾಡಿ ಹಿಡಿದು ಜೀವಿಸಿದವರಲ್ಲ. ಭಾರತದಲ್ಲಿ ನೊಣದ ನರಗಳ ಅಭ್ಯಾಸಕ್ಕೆ ದಾರಿ ಹಾಕಿದ ಓಬೈದ್ ಸಿದ್ದೀಕಿಯವರು ಸೂಕ್ಷ್ಮಜೀವಿಗಳ ಆನುವಂಶಿಕತೆಯನ್ನು ಕಲಿತು ಬಂದವರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ.

ಇಂದು ಈ ಶಾಸ್ತ್ರದಲ್ಲಿ ಸಂಶೋಧನೆ ಮಾಡಬಯಸುವವರಿಗೆ ಬೆಂಗಳೂರಿನಲ್ಲಿಯೇ ಮೂರು ಬಾಗಿಲುಗಳಿವೆ: 1974ರಲ್ಲಿ ಈಗಿನ ರೂಪವನ್ನು ತಾಳಿದ ನಿಮ್ಹಾನ್ಸ್, 2009ರಲ್ಲಿ ನರವಿಜ್ಞಾನದ ಪ್ರತ್ಯೇಕ ಕೇಂದ್ರವನ್ನು ತೆರೆದ ಭಾರತೀಯ ವಿಜ್ಞಾನ ಸಂಸ್ಥೆ, ಮತ್ತು ಮೇಲೆ ಹೇಳಿದ ಜೀವವಿಜ್ಞಾನ ಕೇಂದ್ರ. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿದೆ. ಈ ಯಾವ ಕಡೆಯಲ್ಲಿಯೂ ಎಂ.ಬಿ.ಬಿ.ಎಸ್. ಆದವರೇ ಬರಬೇಕೆಂಬ ನಿಯಮವಿಲ್ಲ. ವಿಜ್ಞಾನದ ಪದವಿಯನ್ನು ಚೆನ್ನಾಗಿ ಮುಗಿಸಿ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಅವಕಾಶವಿದೆ. ಹಾಗಿರುವಾಗ ವೈದ್ಯಕೀಯದ ಸೀಟು ತಪ್ಪಿದವನಿಗೆ ಮಿದುಳಿನ ಜ್ಞಾನವೇ ತಪ್ಪಿತೆಂದು ಹೇಳುವದು ಅಜ್ಞಾನದ ಮಾತು. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಮಿಕ್ಕ ಮಕ್ಕಳು ನೀಟ್ ಪರೀಕ್ಷೆಗೆ ಕುಳಿತರು, ಎಂ.ಬಿ.ಬಿ.ಎಸ್. ಸ್ಥಾನಗಳು ಇದ್ದದ್ದು ಸುಮಾರು 1 ಲಕ್ಷ 10 ಸಾವಿರ. ಉಳಿದ ಇಪ್ಪತ್ತೆರಡು ಲಕ್ಷ ಮಂದಿಯೂ ದಡ್ಡರೆ? ಸಾಲ ಮಾಡಿ ಮಕ್ಕಳನ್ನು ಕೋಚಿಂಗಿಗೆ ಕಳಿಸಿ, ಸೀಟು ಬಾರದಿದ್ದರೆ ಆ ಮಗುವಿನ ಮುಖವನ್ನು ನೋಡಲು ಹಿಂಜರಿಯುವ ಮನೆಗಳು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಜೀವಶಾಸ್ತ್ರವನ್ನು ಎರಡು ವರುಷ ಹಗಲಿರುಳು ಓದಿದ ಬುದ್ಧಿಯು ಒಂದು ಪರೀಕ್ಷೆಯ ಮರುದಿನವೇ ನಿರುಪಯೋಗವಾಗುವದೆಂದು ತಿಳಿಯುವದಕ್ಕಿಂತ ದೊಡ್ಡ ಅಪವ್ಯಯವು ಬೇರೊಂದಿಲ್ಲ.

ಇದಕ್ಕೆ ಕೆಲವರು ಇನ್ನೊಂದು ಮಾತು ಸೇರಿಸುವರು: ಈ ಒಕ್ಕಲುತನದ ಸೀಮೆಗೆ ಮಿದುಳಿನ ಶಾಸ್ತ್ರವು ಏತಕ್ಕೆ ಬೇಕು? ಬೇಕು, ಪಟ್ಟಣಕ್ಕಿಂತ ಹೆಚ್ಚಾಗಿ ಬೇಕು. ನಿಮ್ಹಾನ್ಸಿನ ತಜ್ಞರು ಬೆಂಗಳೂರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ 1,02,557 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, 2004ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮೂರ್ಛೆರೋಗವು ಪಟ್ಟಣದಲ್ಲಿ ಸಾವಿರಕ್ಕೆ 5.7 ಜನರಲ್ಲಿಯೂ ಹಳ್ಳಿಯಲ್ಲಿ ಸಾವಿರಕ್ಕೆ 11.9 ಜನರಲ್ಲಿಯೂ ಕಂಡಿತು. ಹಳ್ಳಿಯ ಪಾಲು ಪಟ್ಟಣದ ಇಮ್ಮಡಿ! ರೋಗವು ಹಳ್ಳಿಯಲ್ಲಿ, ರೋಗದ ಜ್ಞಾನವು ಪಟ್ಟಣದಲ್ಲಿ ಎಂಬ ಈ ಅಸಮತೆಯೇ ಇಲ್ಲಿಯ ಮುಖ್ಯ ವಿಷಯವು. ಇಂದಿಗೂ ಸಂತೆಯ ನಡುವೆ ಯಾರಾದರೂ ಮೂರ್ಛೆ ಬಂದು ಬಿದ್ದರೆ ಕೈಯಲ್ಲಿ ಕಬ್ಬಿಣದ ಕೀಲಿಕೈ ಇಡುವವರೇ ಮುಂದಾಗುವರು. ಮಗ್ಗುಲಾಗಿ ಮಲಗಿಸಿ, ಬಾಯಲ್ಲಿ ಏನನ್ನೂ ತುರುಕದೆ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕೆಂದು ಬಲ್ಲವರು ಹಿಂದೆ ಉಳಿಯುವರು.

ಸಿಂಧನೂರಿನ ಗದ್ದೆಗಳನ್ನೇ ನೋಡಿದರೂ ಸಾಕು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಎಡದಂಡೆಯ ಕಾಲುವೆಯು ಈ ಸೀಮೆಯನ್ನು ಭತ್ತದ ಕಣಜ ಮಾಡಿತು. ಭತ್ತದ ಸಂಗಡ ಕೀಟನಾಶಕದ ಡಬ್ಬಿಗಳೂ ಬಂದವು. ಅವುಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಜಾತಿಯ ಔಷಧಗಳು ಹುಳವನ್ನು ಕೊಲ್ಲುವದು ಅದರ ನರಗಳನ್ನು ಕೆಡಿಸಿಯೇ. ನರದ ತುದಿಯಿಂದ ಸ್ನಾಯುವಿಗೆ ಸುದ್ದಿಯನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು, ಕೆಲಸ ಮುಗಿದೊಡನೆ ಒಡೆದುಹಾಕುವ ಒಂದು ಕಿಣ್ವವಿದೆ. ಈ ವಿಷವು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಸುದ್ದಿಯು ನಿಲ್ಲದೆ ಬಡಿಯುತ್ತಲೇ ಇರುತ್ತದೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಸ್ನಾಯುಗಳು ಅದುರಿ ಕಡೆಗೆ ಸೋಲುತ್ತವೆ, ಉಸಿರು ಕಟ್ಟುತ್ತದೆ. ಹುಳದಲ್ಲಿ ನಡೆಯುವದೇ ಬರಿಗೈಯಿಂದ ಔಷಧ ಬೆರೆಸುವ ಕೂಲಿಯಾಳಿನ ಮೈಯಲ್ಲಿಯೂ ನಡೆಯುವದು. ಅದೇ ಗದ್ದೆಯ ಬದುವಿನಲ್ಲಿ ನಾಗರಹಾವು ಕಚ್ಚಿದರೆ ಆಗುವದು ಇದರ ವಿರುದ್ಧವಾದ ಕೇಡು: ಅದರ ವಿಷವು ಸ್ನಾಯುವಿನ ಮೇಲೆ ಸುದ್ದಿಯನ್ನು ಸ್ವೀಕರಿಸುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ಇಬ್ಬರು ವಿದ್ವಾಂಸರು ತಮ್ಮ ದ್ವೀಪದ ಕಟ್ಟುಹಾವಿನ ಜಾತಿಯೊಂದರ ವಿಷದಿಂದ ಇಂತಹ ಒಂದು ದ್ರವ್ಯವನ್ನು ಬೇರ್ಪಡಿಸಿದರು. ಅದನ್ನು ಕೈದೀವಿಗೆ ಮಾಡಿಕೊಂಡೇ ಆ ಬಾಗಿಲಿನ ರಚನೆಯನ್ನು ಜಗತ್ತು ತಿಳಿದುಕೊಂಡಿತು. ಹಾವು ಅವರ ಹೊಲದ್ದು, ಪ್ರಶ್ನೆಯು ಅವರದು, ಕೀರ್ತಿಯೂ ಅವರದು. ಸಿಂಧನೂರಿನಲ್ಲಿ ಹಾವಿಗೂ ಕೊರತೆಯಿಲ್ಲ, ವಿಷಕ್ಕೂ ಕೊರತೆಯಿಲ್ಲ. ಪ್ರಶ್ನೆ ಕೇಳುವ ಪದವೀಧರರಿಗೆ ಮಾತ್ರ ಕೊರತೆ.

ಸ್ಥಳದ ಜನರ ನಡೆನುಡಿಯನ್ನು ಬಲ್ಲವರಿಂದ ಶಾಸ್ತ್ರಕ್ಕೆ ಎಂತಹ ಲಾಭವಾಗುವದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಸಾಕ್ಷಿಯಿದೆ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಒಂದು ವಿಚಿತ್ರವಾದ ಮೂರ್ಛೆಯ ಸುದ್ದಿಯು 1945ರಲ್ಲಿ ನ್ಯೂಜೀಲೆಂಡಿನಿಂದ ಬಂದಿತ್ತು. ಆದರೆ ಅದು ವಿರಳವಾದ ಕೌತುಕವಲ್ಲ, ಮೈಸೂರು ಸೀಮೆಯ ಅನೇಕ ಮನೆಗಳ ಕಷ್ಟ ಎಂಬುದನ್ನು ತೋರಿಸಿದವರು ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಅವರ ತರುವಾಯದ ನಿಮ್ಹಾನ್ಸಿನ ವೈದ್ಯರು. ಹಂಡೆಯಿಂದ ತಂಬಿಗೆತಂಬಿಗೆಯಾಗಿ ತಲೆಗೆ ನೀರು ಹೊಯ್ದುಕೊಳ್ಳುವ ಇಲ್ಲಿಯ ಸ್ನಾನದ ಪದ್ಧತಿಯನ್ನು ಬಲ್ಲವರಿಗೆ ಮಾತ್ರ ಹೊಳೆಯುವ ವಿಷಯವಿದು. ಅದೇ ಡಾ. ಮಣಿಯವರು ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಎರಡು ಔಷಧಗಳಿಂದಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ವರದಿಯು 2001ರಲ್ಲಿ ಲಂಡನ್ನಿನ ಹೆಸರಾಂತ ವೈದ್ಯಪತ್ರಿಕೆಯಲ್ಲಿ ಬಂದಿತು. ತುಂಗಭದ್ರೆಯ ಆಚೆಗಿರುವ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಮತ್ತು ಮೂರ್ಛೆರೋಗಗಳ ಶಿಕ್ಷಣ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯಾಯಿತು. ಯಳಂದೂರಿನಿಂದ ಲಂಡನ್ನಿಗೂ ಬಳ್ಳಾರಿಯಿಂದ ದಿಲ್ಲಿಗೂ ವಿದ್ಯೆಯು ಹೋಗಬಲ್ಲದಾದರೆ, ಲಿಂಗಸುಗೂರಿನಿಂದ ಹೋಗಲಾರದೆಂದು ಹೇಳಿದವರಾರು?

ಇನ್ನು ಭಾಷೆಯ ಮಾತು. ಈ ಶಾಸ್ತ್ರವನ್ನು ಇಂಗ್ಲಿಷಿನ ಹೊರತು ಹೇಳಲಾಗದೆನ್ನುವವರು ಈ ಸೀಮೆಯ ಇತಿಹಾಸವನ್ನೇ ಮರೆತಿದ್ದಾರೆ. ರಾಯಚೂರು ಜಿಲ್ಲೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತು. ಆ ರಾಜ್ಯದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾಷಾಂತರಕ್ಕೆಂದೇ ಒಂದು ಇಲಾಖೆಯನ್ನು ಇಟ್ಟುಕೊಂಡು, ವೈದ್ಯಶಾಸ್ತ್ರವನ್ನೂ ಇಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿತು. ಶರೀರರಚನೆಯ ಗ್ರಂಥಗಳು ಉರ್ದುವಿಗೆ ಇಳಿಯಬಹುದಾದರೆ ಕನ್ನಡಕ್ಕೆ ಏಕೆ ಇಳಿಯಬಾರದು? ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಶಿವರಾಮ ಕಾರಂತರು ಒಬ್ಬರೇ ವಿಜ್ಞಾನದ ಸಂಪುಟಗಳನ್ನು ಬರೆದರು, ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ರೋಗಗಳ ಮೇಲೆ ಕನ್ನಡದಲ್ಲಿ ಎಷ್ಟೋ ಪುಸ್ತಕಗಳನ್ನು ಬರೆದು ಮನೆಮನೆಗೆ ಮುಟ್ಟಿಸಿದರು. ಉಸ್ಮಾನಿಯಾದ ಇತಿಹಾಸದಲ್ಲಿ ಎರಡನೆಯ ಪಾಠವೂ ಇದೆ. ಅಲ್ಲಿಗೆ ಹೋದ ಕನ್ನಡ ಮಕ್ಕಳು ತಮ್ಮದಲ್ಲದ ಭಾಷೆಯಲ್ಲಿ ಶಾಸ್ತ್ರವನ್ನು ಕಲಿಯಬೇಕಾಯಿತು. ಇಂದು ಉರ್ದುವಿನ ಸ್ಥಾನದಲ್ಲಿ ಇಂಗ್ಲಿಷು ಕುಳಿತಿದೆ. ಮಕ್ಕಳ ಕಷ್ಟವು ಹಾಗೆಯೇ ಇದೆ.

ಇಂಗ್ಲಿಷನ್ನು ಬಿಡಬೇಕೆಂದು ಬುದ್ಧಿಯುಳ್ಳವರಾರೂ ಹೇಳುವದಿಲ್ಲ. ಸಂಶೋಧನೆಯ ಪತ್ರಿಕೆಗಳು ಆ ಭಾಷೆಯಲ್ಲಿವೆ; ಅದನ್ನು ಕಲಿಯಲೇಬೇಕು. ಆದರೆ ಮೊದಲ ತಿಳಿವಳಿಕೆಯು ತಾಯ್ನುಡಿಯಲ್ಲಿ ಆಗದಿದ್ದರೆ ಹುಡುಗನು ಶಬ್ದವನ್ನು ಕಂಠಪಾಠ ಮಾಡುವನೇ ಹೊರತು ಅರ್ಥವನ್ನು ಕಾಣುವದಿಲ್ಲ. ಆಧುನಿಕ ನರವಿಜ್ಞಾನದ ಮೂಲಪುರುಷನಾದ ಕಾಹಾಲನು 1852ರಲ್ಲಿ ಸ್ಪೇನಿನ ಒಂದು ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದವನು. ಹುಡುಗತನದಲ್ಲಿ ಕ್ಷೌರಿಕನ ಹತ್ತಿರವೂ ಚಮ್ಮಾರನ ಹತ್ತಿರವೂ ಕೆಲಸ ಕಲಿತವನು. 1888ರಲ್ಲಿ ಸ್ವಂತ ಹಣದಿಂದ ಪತ್ರಿಕೆಯನ್ನು ಅಚ್ಚು ಹಾಕಿಸಿ, ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬೇರೆಬೇರೆಯಾದ ಘಟಕಗಳು ಎಂಬ ತನ್ನ ಸಿದ್ಧಾಂತವನ್ನು ಸ್ಪ್ಯಾನಿಷಿನಲ್ಲಿಯೇ ಬರೆದನು. ಮರುವರುಷ ಬರ್ಲಿನ್ನಿಗೆ ಹೋಗಿ ತನ್ನ ಸೂಕ್ಷ್ಮದರ್ಶಕದ ಗಾಜುಗಳನ್ನು ತೋರಿಸಿದಾಗ, ಜರ್ಮನಿಯ ಹಿರಿಯ ವಿದ್ವಾಂಸನಾದ ಕೆಲ್ಲಿಕರನು ಮನಸೋತನು. ಅವನ ಬರಹಗಳನ್ನು ಓದುವದಕ್ಕೆಂದು ಸ್ಪ್ಯಾನಿಷನ್ನು ಕಲಿತನೆಂದೂ ಹೇಳುವರು. 1906ರಲ್ಲಿ ಕಾಹಾಲನಿಗೆ ನೋಬೆಲ್ ಬಹುಮಾನ ಬಂದಿತು. ಭಾಷೆಗೆ ಬೆಲೆ ಬರುವದು ಅದರಲ್ಲಿ ಬರೆದ ವಿಷಯದಿಂದ.

ಯಂತ್ರಗಳ ಮಾತಿಗೂ ಇಲ್ಲಿಯೇ ಉತ್ತರವಿದೆ. ಕಾಹಾಲನು ಬಳಸಿದ್ದು ಇಟಲಿಯ ಗಾಲ್ಜಿಯು ಕಂಡುಹಿಡಿದ ಬಣ್ಣಗಟ್ಟುವ ವಿಧಾನವನ್ನು. ಗಾಲ್ಜಿಯು ಅದನ್ನು 1873ರಲ್ಲಿ ಕಂಡದ್ದು ಯಾವ ವಿಶ್ವವಿದ್ಯಾಲಯದ ಅರಮನೆಯಲ್ಲಿಯೂ ಅಲ್ಲ; ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನ ಆಸ್ಪತ್ರೆಯ ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು. ಅದಕ್ಕೆ ಬೇಕಾದ ಮುಖ್ಯ ದ್ರವ್ಯಗಳು ಪೊಟ್ಯಾಸಿಯಂ ಡೈಕ್ರೋಮೇಟು ಮತ್ತು ಸಿಲ್ವರ್ ನೈಟ್ರೇಟು. ಇವೆರಡೂ ಪದವಿ ಕಾಲೇಜಿನ ರಸಾಯನಶಾಲೆಗೆ ಹೊಸವಲ್ಲ. ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ಹಣ್ಣಿನ ನೊಣವನ್ನು ಗಾಜಿನ ಸೀಸೆಯಲ್ಲಿ ಸಾಕಿ, ವಾಸನೆ, ಕಲಿಕೆ, ನೆನಪು ಇವುಗಳ ಮೂಲವನ್ನು ಅರಸುವ ವಿದ್ಯೆಯು ಬೆಳೆದಿದೆ. 2024ರಲ್ಲಿ ಆ ನೊಣದ ಮಿದುಳಿನ 1,39,255 ನರಕೋಶಗಳ ಪೂರ್ಣ ನಕ್ಷೆಯು ಪ್ರಕಟವಾಯಿತು. ಅದನ್ನು ತಿದ್ದುವ ಕೆಲಸದಲ್ಲಿ ವೃತ್ತಿಯ ವಿಜ್ಞಾನಿಗಳ ಸಂಗಡ ಸಾಮಾನ್ಯ ಜನರೂ ಕೈಗೂಡಿಸಿದ್ದರು. ಆ ನಕ್ಷೆಯನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. ದೊಡ್ಡ ಯಂತ್ರವು ದೊಡ್ಡ ಕೆಲಸಕ್ಕೆ ಬೇಕು, ನಿಜ. ಆದರೆ ಪದವಿಯ ತರಗತಿಯಲ್ಲಿ ಆರಂಭಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕ, ಸೀಸೆ, ಕಂಪ್ಯೂಟರು ಮತ್ತು ಕಲಿಸಬಲ್ಲ ಗುರು. ಮೊದಲಿನ ಮೂರನ್ನು ಕೊಂಡುಕೊಳ್ಳಬಹುದು. ನಾಲ್ಕನೆಯದಕ್ಕೆ ಸರ್ಕಾರವು ಮನಸ್ಸು ಮಾಡಬೇಕು. ವರುಷವರುಷವೂ ಅತಿಥಿ ಉಪನ್ಯಾಸಕರಿಂದಲೇ ಕಾಲೇಜುಗಳನ್ನು ನಡೆಸುತ್ತ, ನಾಳಿನ ಕೆಲಸವೇ ಖಾತರಿಯಿಲ್ಲದ ಮನುಷ್ಯನಿಂದ ಪ್ರಯೋಗಶಾಲೆಯನ್ನು ಕಟ್ಟಿಸುವದು ಆಗದ ಮಾತು.

ಅನ್ನದ ಮಾತನ್ನು ಅಲ್ಲಗಳೆಯುವಂತಿಲ್ಲ. ಬಡವರ ಮಕ್ಕಳಿಗೆ ಅದೇ ಮೊದಲ ಪ್ರಶ್ನೆ. ಸಂಶೋಧನೆಯ ದಾರಿಯು ಉದ್ದವಾದದ್ದು, ಪಿಎಚ್.ಡಿ.ಗೆ ಐದಾರು ವರುಷ ಹಿಡಿಯುವದು. ಕಡೆಗೆ ಸಿಕ್ಕುವ ಪ್ರಾಧ್ಯಾಪಕತ್ವಗಳು ಕೆಲವೇ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವದು ದ್ರೋಹ. ಆದರೆ ರಾಷ್ಟ್ರೀಯ ಪರೀಕ್ಷೆಯಲ್ಲಿ ಗೆದ್ದು ಕಿರಿಯ ಸಂಶೋಧಕನಾದವನಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ವೇತನವು ನಿಗದಿಯಾಗಿದೆ ಎಂಬುದನ್ನೂ ಹೇಳಬೇಕಲ್ಲವೆ? ಮಿದುಳಿನ ಅಲೆಗಳನ್ನು ದಾಖಲಿಸುವ ತಂತ್ರಜ್ಞರು, ಪಾರ್ಶ್ವವಾಯು ಬಡಿದವರನ್ನು ನಡೆಯಿಸುವ ಚಿಕಿತ್ಸಕರು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವರು, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ಶಿಕ್ಷಕರು, ಇವರೆಲ್ಲರ ವೃತ್ತಿಗೂ ಇದೇ ಶಾಸ್ತ್ರವು ಬುನಾದಿ. ತಾಲೂಕಿನ ಜನರು ಇಂತಹವರನ್ನು ಹುಡುಕಿಕೊಂಡು ರಾಯಚೂರು, ಬಳ್ಳಾರಿ, ಹೈದರಾಬಾದುಗಳಿಗೆ ಬಸ್ಸು ಹತ್ತುತ್ತಿರುವಾಗ, ಆ ವೃತ್ತಿಗಳಿಗೆ ಇಲ್ಲಿ ಕೆಲಸವಿಲ್ಲವೆನ್ನುವದು ಹೇಗೆ?

ನಾಲ್ಕು ಮಾತುಗಳು ಹೀಗೆ ಬಿದ್ದುಹೋದ ಮೇಲೆ ಐದನೆಯದೊಂದು ಉಳಿಯುವದು: ಸರ್ಕಾರವು ಎಲ್ಲವನ್ನೂ ಮಾಡಲಿ ಎಂಬುದು. ಹಿಂದುಳಿದಿರುವಿಕೆಯ ಲೆಕ್ಕವನ್ನು 2002ರಲ್ಲಿಯೇ ನಂಜುಂಡಪ್ಪನವರ ಸಮಿತಿಯು ತಾಲೂಕು ತಾಲೂಕಾಗಿ ಬರೆದಿಟ್ಟಿತು. ಸಂವಿಧಾನದ 371ಜೆ ವಿಧಿಯು 2013ರಿಂದ ಈ ಸೀಮೆಯ ಮಕ್ಕಳಿಗೆ ರಾಜ್ಯದ ವಿದ್ಯಾಸಂಸ್ಥೆಗಳಲ್ಲಿ ಸ್ಥಾನಗಳನ್ನು ಕಾದಿರಿಸಿತು. ಅದರಿಂದ ಅನೇಕರು ವೈದ್ಯರೂ ಇಂಜಿನಿಯರರೂ ಆದರು. ಅದು ಸಣ್ಣ ಉಪಕಾರವಲ್ಲ. ಆದರೆ ಕೇಂದ್ರದ ಸಂಶೋಧನಾ ಸಂಸ್ಥೆಗಳ ಹೊಸ್ತಿಲಿನಲ್ಲಿ ಆ ವಿಧಿಯು ನಿಲ್ಲುತ್ತದೆ. ಅಲ್ಲಿ ಇಡೀ ದೇಶದವರೊಡನೆ ಪೈಪೋಟಿ. 2022ರಿಂದ ರಾಯಚೂರಿನಲ್ಲಿ ಏಮ್ಸ್ ಬೇಕೆಂದು ಜನರು ಧರಣಿ ಹೂಡಿದರು; ಆ ಬೇಡಿಕೆಯು ನ್ಯಾಯವಾದದ್ದು. ಆದರೆ ನಾಳೆ ಏಮ್ಸ್ ಬಂದರೂ, ಅದರ ಪ್ರಯೋಗಶಾಲೆಯೊಳಗೆ ಕಾಲಿಡಲು ಸಿದ್ಧರಾದ ಮಕ್ಕಳು ಈ ತಾಲೂಕುಗಳಲ್ಲಿ ಇಲ್ಲದಿದ್ದರೆ, ಹೊರಗಿನವರು ಬಂದು ಸಂಶೋಧನೆ ಮಾಡುವರು. ಇಲ್ಲಿಯವರು ರೋಗಿಗಳಾಗಿ ಸಾಲಿನಲ್ಲಿ ನಿಲ್ಲುವರು.

ಆದುದರಿಂದ ಬೇಡಿಕೆಯು ದೊಡ್ಡದಾಗಿರಬೇಕಾಗಿಲ್ಲ, ಖಚಿತವಾಗಿರಬೇಕು. ಮೂರು ಊರುಗಳಲ್ಲಿಯೂ ಪದವಿ ಕಾಲೇಜುಗಳಿವೆ. ರಾಯಚೂರಿನ ವಿಶ್ವವಿದ್ಯಾಲಯವು ವಿಜ್ಞಾನದ ಪದವಿಯಲ್ಲಿ ಮಿದುಳು ಮತ್ತು ನರಗಳ ವಿಷಯವಾಗಿ ಒಂದು ಐಚ್ಛಿಕ ಪತ್ರಿಕೆಯನ್ನು ಇಡಲಿ. ಮೂರೂ ಕಾಲೇಜುಗಳು ಕೂಡಿ ಒಬ್ಬ ಕಾಯಂ ಅಧ್ಯಾಪಕನನ್ನೂ ಒಂದು ಚಿಕ್ಕ ಪ್ರಯೋಗಶಾಲೆಯನ್ನೂ ಪಡೆಯಲಿ. ಅದರ ವೆಚ್ಚವನ್ನು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯು ಕೊಡಲಿ. ರಸ್ತೆ ಮತ್ತು ಸಮುದಾಯಭವನಗಳಿಗೆ ಸುರಿಯುವ ಹಣದಲ್ಲಿ ಅದು ಒಂದು ತುಣುಕಾದೀತು. ರಾಯಚೂರಿನ ವೈದ್ಯಕೀಯ ಕಾಲೇಜು ವರುಷಕ್ಕೊಮ್ಮೆಯಾದರೂ ಈ ವಿದ್ಯಾರ್ಥಿಗಳಿಗೆ ಮಿದುಳನ್ನು ಕಣ್ಣಾರೆ ತೋರಿಸಲಿ. ಸಾಹಿತ್ಯ ಸಂಘಗಳು ಕಾವ್ಯವಾಚನದ ಜತೆಗೆ ಒಂದು ಸರಳವಾದ ಕನ್ನಡ ಪಠ್ಯವನ್ನು ಸಿದ್ಧಪಡಿಸುವ ಹೊಣೆಯನ್ನು ಹೊರಲಿ. ಎಲ್ಲಕ್ಕೂ ಮೊದಲು, ಓದು ಬಲ್ಲ ಮನೆಗಳು ನೀಟ್ ಫಲಿತಾಂಶದ ದಿನ ಮಗುವಿಗೆ "ಇನ್ನೇನು ಮಾಡುವೆ?" ಎಂದು ಕೇಳುವ ಬದಲು "ಏನನ್ನು ತಿಳಿಯಬೇಕೆಂದಿರುವೆ?" ಎಂದು ಕೇಳಲಿ. ಇದಕ್ಕೆ ಯಾವ ಮಂಡಳಿಯ ಮಂಜೂರಾತಿಯೂ ಬೇಡ.

1915ರಲ್ಲಿ ಚಿನ್ನವನ್ನು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯ ಬೆಟ್ಟದಲ್ಲಿ ಚಿನ್ನದ ಬದಲು ಅಕ್ಷರವು ಸಿಕ್ಕಿತು. ದೇವಾನಾಂಪ್ರಿಯನೆಂಬ ಬಿರುದಿನ ಅರಸನೇ ಅಶೋಕನೆಂಬುದನ್ನು ಆ ಬಂಡೆಯು ಖಚಿತಪಡಿಸಿತು. ಆ ಶಾಸನದ ತಾತ್ಪರ್ಯವನ್ನು ಈ ಸೀಮೆಯವರು ಹೆಸರಿನಷ್ಟು ನೆನಪಿನಲ್ಲಿಟ್ಟಿಲ್ಲ. ಶ್ರೇಷ್ಠವಾದುದನ್ನು ದೊಡ್ಡವರು ಮಾತ್ರ ಪಡೆಯಬಲ್ಲರೆಂದು ಬಗೆಯಬಾರದು. ಶ್ರಮಿಸಿದರೆ ಸಣ್ಣವರಿಗೂ ಅದು ಸಾಧ್ಯವೆಂಬುದೇ ಅದರ ಅಭಿಪ್ರಾಯ. ಎರಡು ಸಾವಿರದ ಇನ್ನೂರು ವರುಷಗಳಿಂದ ಊರ ಮಗ್ಗುಲಲ್ಲಿಯೇ ಇರುವ ಈ ಮಾತನ್ನು ಪ್ರವಾಸಿಗರಿಗೆ ತೋರಿಸಿ ಸಂತೋಷಪಟ್ಟದ್ದು ಸಾಕು. ಇನ್ನು ಮಕ್ಕಳ ಓದಿನ ವಿಷಯದಲ್ಲಿ ಅದನ್ನು ನಡೆಸಿ ತೋರಿಸಬೇಕಾಗಿದೆ.